ಕವಡೆ ನೂರು ಸಲ ಬಿದ್ದ ಪರೀಕ್ಷೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಕುಂದಾಪುರದಲ್ಲಿ ಶಿಕ್ಷಕರ ತರಬೇತಿಯ ಕೊನೆಯ ಮೌಖಿಕ ಪರೀಕ್ಷೆಗೆಂದು ನಮ್ಮೂರು ಶಂಕರನಾರಾಯಣದಲ್ಲಿ ಬಸ್ಸು ಹತ್ತುವಾಗ ಅಪ್ಪಯ್ಯ ಅದನ್ನೇ ನೆನಪಿಸಿದ್ದರು. "ಬಾಯಿ ಬಿಗಿ ಹಿಡ್ಕೋ. ನಪಾಸಾದ್ರೆ ಸೀದಾ ಮನಿಗ್ ಬಾ, ಇನ್ನೊಂದ್ ವರ್ಷ ಕಳ್ಸುದಿಲ್ಲೆ." ಲೆಕ್ಕದ ಟೀಚರಾಗುವ ಆಸೆ ಎಷ್ಟಿತ್ತೆಂದರೆ ದಾರಿಯುದ್ದಕ್ಕೂ ನಾನು ತುಟಿ ಬಿಚ್ಚಲಿಲ್ಲ.

ಪರೀಕ್ಷಕರು ಮೈಸೂರು ಕಡೆಯವರು. ಮೊದಲ ಪ್ರಶ್ನೆಗಳಲ್ಲಿ ತಡವರಿಸಿದ್ದೆ. ಉಳಿದದ್ದು ಸಂಭವನೀಯತೆಯ ಒಂದೇ ಪ್ರಶ್ನೆ, ಹತ್ತು ಅಂಕ. ಅದು ಕೈಕೊಟ್ಟರೆ ನನ್ನ ಕತೆ ಮುಗಿದ ಹಾಗೆ. ಎಣಿಕೆ ಕಲಿಸಲೆಂದು ನಾನು ತಂದಿದ್ದ ಡಬ್ಬಿಯಿಂದ ಅವರು ಒಂದು ಕವಡೆ ಎತ್ತಿಕೊಂಡರು.

"ಇದು ಬಾಯಿ ಮೇಲಾಗಿ ಬೀಳುತ್ತೆ, ಇಲ್ಲ ಕೆಳಗಾಗಿ. ಮೇಲಾಗಿ ಬೀಳುವ ಸಂಭವ ಎಷ್ಟು?"

ಅರ್ಧ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಳೆಗಾಲವಿಡೀ ಅಜ್ಜಿಯ ಜೊತೆ ಕವಡೆ ಆಡಿ ಬೆಳೆದವಳು ನಾನು. "ಹಾಕಿ ನೋಡದೆ ಹೇಳಲಾಗುವುದಿಲ್ಲ ಸಾರ್. ಇದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ."

"ಎರಡೇ ದಾರಿ ಇದ್ದ ಮೇಲೆ ಅರ್ಧ ಅಲ್ಲವೇನಮ್ಮ?" ಎನ್ನುತ್ತಾ ಅವರು ಅಂಕದ ಪುಸ್ತಕದಲ್ಲಿ ಸೊನ್ನೆ ಸುತ್ತಿದ್ದು ಕಂಡಿತು. ಅಪ್ಪಯ್ಯನ ಮಾತು ಎಲ್ಲಿ ಹೋಯಿತೋ!

"ನಾನು ಈ ಕಿಟಕಿಯಿಂದ ತ್ರಾಸಿ ಕಡಲತೀರಕ್ಕೆ ಹಾರಿ ಹೋಗಬಹುದು, ಹೋಗದೆಯೂ ಇರಬಹುದು. ಅದೂ ಅರ್ಧವಾ ಸಾರ್?"

ಅವರು ಕನ್ನಡಕ ತೆಗೆದರು. "ಹಾಕು ನೋಡೋಣ."

ಹತ್ತು ಸಲ ಹಾಕಿದೆ. ಐದು ಮೇಲೆ, ಐದು ಕೆಳಗೆ. ಅವರು ನಕ್ಕರು. ಊರಿನ ಮಾತೇ ನನ್ನ ಬಾಯಿಗೆ ಬಂತು. "ಹತ್ತ್ ಸಲ ಸಾಕಾತಿಲ್ಲೆ ಸಾರ್. ನೂರ್ ಸಲ ಹಾಕ್ವ."

ಏನನ್ನಿಸಿತೋ, ಅವರೇ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತರು. ನಾನು ಹಾಕುವುದು, ಅವರು ಒಂದೊಂದಕ್ಕೂ ನೆಟ್ಟನೆ ಗೀಟು ಎಳೆಯುವುದು. ನಲವತ್ತರ ಹೊತ್ತಿಗೆ ಬಾಯಿ ಕೆಳಗಾಗಿ ಬಿದ್ದದ್ದರ ಸಾಲು ಉದ್ದವಾಗತೊಡಗಿತು. ಅವರು ಅಂಗಿಯ ತೋಳು ಮಡಚಿದರು, ನನಗೆ ಮೈಮೇಲೆ ಖಬರಿಲ್ಲ. ಎಪ್ಪತ್ತು ದಾಟಿದ ಮೇಲೆ ಇಬ್ಬರೂ ಒಟ್ಟಿಗೇ ಎಣಿಸುತ್ತಿದ್ದೆವು. ನೂರಕ್ಕೆ ಮೇಲಾಗಿ ಬಿದ್ದದ್ದು ಮೂವತ್ತಾರು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಲಿಲ್ಲ.

"ಇನ್ನೊಂದು ನೂರು ಹಾಕಿದರೆ?" ಎಂದರು.

"ಇದರ ಆಸುಪಾಸು ಬರುತ್ತದೆ ಸಾರ್. ಸರಿಯಾಗಿ ಇಷ್ಟೇ ಅಂತ ಹೇಳೂಕಾತಿಲ್ಲೆ."

"ನೀನು ಪಾಸಾಗುವ ಸಂಭವ?"

ಆಗಲೇ ಆ ಸೊನ್ನೆ ನೆನಪಾದದ್ದು. ದನಿ ಇಳಿಯಿತು. "ಅದೂ ಹೇಳೂಕಾತಿಲ್ಲೆ."

ಅವರು ಕುರ್ಚಿಗೆ ಬಂದು ಕೂತರು. ಸೊನ್ನೆಯ ಎಡಕ್ಕೆ, ಹಲಗೆಯ ಮೇಲೆ ಎಳೆದಂಥದ್ದೇ ಒಂದು ಗೀಟು ಎಳೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.