ಆಯಿಯ ಮಗನನ್ನು ಕೇಳಿದ ದಿನ

ಕೋಠಿ ಬಜಾರಿನ ಔಷಧಿ ಅಂಗಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಯಾರದೋ ಚೀಲದಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಬಂತು. ಸನತ್‌ನಗರದ ನಮ್ಮ ಪಕ್ಕದ ಮನೆಯ ಆಯಿ ನೆನಪಾದಳು... ದಿನಾ ಸಂಜೆ ಅಂಥದೇ ಎಣ್ಣೆಯಿಂದ ಮಗನ ಕಾಲು ತಿಕ್ಕುತ್ತಿದ್ದಳು.

ಆಯಿ ಬೀದರ್ ಕಡೆಯವಳು; ಕಟ್ಟಡ ಕೆಲಸಕ್ಕೆಂದು ಈ ತೆಲುಗರ ಊರಿಗೆ ಬಂದು ಇಲ್ಲೇ ಬೇರು ಬಿಟ್ಟಿದ್ದಳು. ಬೆಳೆದ ಮಗನಿಗೆ ಕಾಲಿನಲ್ಲಿ ಶಕ್ತಿಯಿರಲಿಲ್ಲ. ಬೇರಿಂಗ್ ಗಾಲಿಯ ಹಲಗೆಯ ಮೇಲೆ ಕೂತು, ಕೈಯಿಂದ ನೆಲ ನೂಕುತ್ತ ಮನೆಯೊಳಗೆ ಓಡಾಡುತ್ತಿದ್ದ. ಆ ಗರಗರ ಸದ್ದು ಗೋಡೆ ದಾಟಿ ನಮಗೂ ಕೇಳುತ್ತಿತ್ತು. ಸರಕಾರಿ ಸರ್ವೆಯವರು ಬಂದು, ಮನೆಯಲ್ಲಿ ಅಂಗವಿಕಲರಿದ್ದಾರೆಯೇ ಎಂದು ಕೇಳಿದಾಗಲೆಲ್ಲ ಆಯಿ ರೇಗುತ್ತಿದ್ದಳು. "ನನ್ನ ಮಗಗ ಆ ಹೆಸರು ಯಾಕ ಇಡ್ತೀರಿ? ಯಾರೂ ಇಲ್ಲ, ಹೋಗ್ರಿ!" ಅವರೂ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗುತ್ತಿದ್ದರು.

ನಮ್ಮ ಕೇರಿಯ ದವಾಖಾನೆಗೆ ಎತ್ತರದ ಮೆಟ್ಟಿಲು. ಆಯಿ ಮಗನನ್ನು ಬೆನ್ನ ಮೇಲೆ ಹೊತ್ತು ಹತ್ತುತ್ತಿದ್ದಳು. ಅವಳ ಸೊಂಟ ಸೋತ ಮೇಲೆ ಅದೂ ನಿಂತಿತು. ಒಮ್ಮೆ ಅವನಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ದವಾಖಾನೆಗೆ ಒಯ್ಯಲಾಗಲಿಲ್ಲ... ಹೋಗಿಬಿಟ್ಟ. ಹಲಗೆಯನ್ನೂ ಅವನ ಜೊತೆಗೇ ಒಯ್ದು ಮಣ್ಣು ಮಾಡಿದರು. ಆದರೂ ಸಂಜೆಯಾದರೆ ಗೋಡೆಯಾಚೆಯಿಂದ ಎಣ್ಣೆಯ ವಾಸನೆ ಬರುತ್ತಿತ್ತು.

ಮರುವರ್ಷ ಸರ್ವೆಗೆ ಬಂದ ಹೆಣ್ಣುಮಗಳಿಗೆ ತೆಲುಗು ಮಾತ್ರ ಬರುತ್ತಿತ್ತು. ಆಯಿಗೂ ಅವಳಿಗೂ ನಡುವೆ ನಾನೇ ದುಭಾಷಿ. ಈ ಸಲ ಪ್ರಶ್ನೆ ಬೇರೆಯಿತ್ತು. ಮನೆಯಲ್ಲಿ ಯಾರಿಗಾದರೂ ನಡೆಯಲು, ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆಯೇ?

ಆಯಿಯ ಮುಖ ಅರಳಿತು. "ಹೌದ್ರಿ, ನನ್ನ ಮಗಗ ಭಾಳ ತ್ರಾಸ ಆಗ್ತೈತಿ. ಬರಕೋರಿ."

ಮಗ ತೀರಿಹೋಗಿ ವರ್ಷವಾಯಿತೆಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದೆ. ಬರೆಯುತ್ತಿದ್ದ ಅವಳ ಕೈ ನಿಂತಿತು. ಅಷ್ಟರಲ್ಲಿ ಒಳಮನೆಯ ಪರದೆಯ ಹಿಂದೆ ಗರಗರ ಸದ್ದು... ಹೊಸ್ತಿಲ ತನಕ ಬಂದು ನಿಂತಿತು.

"ಮರಿ ಲೋಪಲ ಎವರು?" ಹಾಗಾದರೆ ಒಳಗಿರುವುದು ಯಾರು ಎಂದು ಸರ್ವೆಯವಳು ನನ್ನನ್ನೇ ಕೇಳಿದಳು. ಅದನ್ನೇ ನಾನು ಆಯಿಗೆ ಕನ್ನಡದಲ್ಲಿ ಕೇಳಿದೆ.

"ಅವನ ತ್ರಾಸ ಕೇಳಾಕ ಬಂದಾರಂತ ಬಂದಾನ," ಎಂದಳು ಆಯಿ, ತಲೆ ಎತ್ತದೆ. "ಇಷ್ಟ ದಿನ ಹಿಂಗ ಯಾರ ಕೇಳಿದ್ರು?"

ಸರ್ವೆಯವಳು ಬರೆದುಕೊಂಡಳೋ ಇಲ್ಲವೋ ನನಗೆ ತಿಳಿಯದು. ಆಯಿಯೂ ಈಗಿಲ್ಲ. ಆ ಸರ್ವೆಯ ಲೆಕ್ಕದ ಮೇಲೆ ದವಾಖಾನೆಯ ಮೆಟ್ಟಿಲ ಪಕ್ಕ ಈಗ ಇಳಿಜಾರು ದಾರಿಯಾಗಿದೆ. ನಡೆಯಲಾಗದವರ ಮನೆಗೆ ನರ್ಸ್ ಕೂಡ ಹೋಗುತ್ತಾಳೆ. ಒಳ್ಳೆಯದೇ. ಆದರೂ ಅದನ್ನು ಕಂಡಾಗ ಸಿಟ್ಟೂ ಅಳುವೂ ಒಟ್ಟಿಗೇ ಬರುತ್ತವೆ. ಕೇಳಬೇಕಾದ ಮಾತನ್ನು ಹಿಂದಿನ ಸರ್ವೆಗಳಲ್ಲೇ ಹೀಗೆ ಕೇಳಿದ್ದರೆ ಆಯಿಯ ಮಗ ಬದುಕಿರುತ್ತಿದ್ದ...