ಅಕ್ಕನನ್ನು ಕೂರಿಸುವುದು

ಟೈಲರಮ್ಮ ಡ್ರಾಯಿಂಗ್ ಮೇಷ್ಟ್ರ ಮನೆಗೆ ಮೊದಲ ಸಲ ಹೋದದ್ದು ಅಂಗಡಿಗೆ ರಜೆಯಿದ್ದ ಒಂದು ಮಂಗಳವಾರ. ಕೊರಳಲ್ಲಿದ್ದ ಅಳತೆ ಟೇಪು ತೆಗೆದಿಡಲು ಮರೆತಿದ್ದಳು. ಬಾಗಿಲು ತೆರೆದ ಮೇಷ್ಟ್ರ ಬೆರಳುಗಳಲ್ಲಿ ಹಳದಿ ಬಣ್ಣ ಮೆತ್ತಿತ್ತು. ಒಳಗಿನಿಂದ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಅವರು ಟೇಪನ್ನೇ ನೋಡಿ, "ನಾನು ಯಾರಿಗೂ ಹೇಳಿಕಳಿಸಿಲ್ಲವಲ್ಲಮ್ಮ. ಇರೋ ಎರಡು ಅಂಗಿ ಇನ್ನೂ ಗಟ್ಟಿಯಾಗಿವೆ" ಎಂದರು.

"ಹೊಲಿಯೋಕೆ ಬಂದಿಲ್ಲ ಸಾರ್. ನಮ್ಮಕ್ಕನ ಚಿತ್ರ ಬರೆಯೋದು ಕಲೀಬೇಕು. ಕಿಟಕಿ ಹತ್ರ ಕೂತು ಗುಂಡಿ ಹಾಕ್ತಿದ್ದಳು, ಹಾಗೇ."

"ಫೋಟೋ ಇದೆಯಾ?"

"ಒಂದೂ ಇಲ್ಲ. ಕ್ಯಾಮೆರಾ ಕಂಡ್ರೆ ಎದ್ದು ಹೋಗಿಬಿಡೋಳು."

ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು. ಮದುವೆಯ ಗೊಡವೆಗೆ ಹೋಗದೆ ಇಬ್ಬರೂ ಇಪ್ಪತ್ತೇಳು ವರ್ಷ ಒಂದೇ ಕೋಣೆಯಲ್ಲಿ ಹೊಲಿದಿದ್ದರು. ಈಗ ಅಕ್ಕನ ಮುಖ ನೆನಪಿನಲ್ಲಿ ದಿನೇ ದಿನೇ ಮಸುಕಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಹಿಡಿದಿಡಬೇಕೆಂಬುದೊಂದೇ ಅವಳ ತಹತಹ.

ಮೇಷ್ಟ್ರು ವರ್ಷವಿಡೀ ಕಲಿಸಿದರು. ಮೊದಲು ತೆಳುವಾಗಿ ಹಚ್ಚಬೇಕು, ಒಣಗಿದ ಮೇಲೆ ದಪ್ಪ ಬಣ್ಣ. ಮೊದಲು ಕೋಣೆಯ ನೆರಳು, ಆಮೇಲೆ ಮನುಷ್ಯ. ಎದುರಿಗೆ ಕೂರುವವರು ಯಾರೂ ಇಲ್ಲದ್ದರಿಂದ ಟೈಲರಮ್ಮ ಅಂಗಡಿಯ ಕೈಕಾಲಿಲ್ಲದ ಬೊಂಬೆಗೆ ಅಕ್ಕನ ನೀಲಿ ಗೌನು ತೊಡಿಸಿ ಕುರ್ಚಿಯ ಮೇಲಿಟ್ಟಳು. ತೊಡಿಸುವ ಮುಂಚೆ, ಕೈ ಸುಮ್ಮನಿರಬೇಕಲ್ಲ, ಇಸ್ತ್ರಿ ಹಾಕಿದಳು.

ಅದನ್ನು ನೋಡಿ ಅವಳು ಬರೆದ ಚಿತ್ರವನ್ನು ಮೇಷ್ಟ್ರು ಹತ್ತಿರದಿಂದ ನೋಡಿದರು.

"ಹೊಲಿಗೆ ಒಂದೊಂದೂ ಎಣಿಸಬಹುದು. ಆದ್ರೆ ನಿಮ್ಮಕ್ಕ ಇನ್ನೂ ಕೂತಿಲ್ಲಮ್ಮ. ಕೂತವರ ಬಟ್ಟೆ ಮುದುಡತ್ತೆ. ಇದು ಗಿರಾಕಿ ಬಂದು ತಗೊಂಡು ಹೋಗೋಕೆ ಕಾಯ್ತಿರೋ ಬಟ್ಟೆ."

ಅವಳಿಗೆ ನಗು ಬಂತು. ಸುಕ್ಕು ಕಂಡಲ್ಲಿ ತೆಗೆಯುವುದೇ ಕಸುಬಾಗಿದ್ದವಳು ಚಿತ್ರದಲ್ಲೂ ಅದನ್ನೇ ಮಾಡಿದ್ದಳು.

ಮನೆಗೆ ಬಂದು ಆ ಗೌನನ್ನು ತಾನೇ ತೊಟ್ಟು, ನಿಲುವುಗನ್ನಡಿಯ ಎದುರು ಅಕ್ಕನ ಕುರ್ಚಿಯಲ್ಲಿ ಕೂತಳು. ಸೊಂಟದ ಬಳಿ ಮೂರು ಮಡಿಕೆ ಬಿದ್ದಿದ್ದವು, ಮೊಣಕೈ ಹತ್ತಿರ ಸಣ್ಣ ಸುಕ್ಕುಗಳು. ಅವನ್ನು ಬರೆಯುತ್ತ ಹೋದಂತೆ ಚಿತ್ರದ ಕುರ್ಚಿಗೆ ಭಾರ ಬಂತು. ಮುಖ ಮಾತ್ರ ಕನ್ನಡಿಯಲ್ಲಿದ್ದದ್ದೇ ಇಳಿಯಿತು. ಮೂರು ಸಲ ಬಣ್ಣ ಕೆರೆದು ತೆಗೆದಳು. ಮೂರು ಸಲವೂ ಬಂದದ್ದು ತನ್ನದೇ ಮುಖ.

"ಅಕ್ಕ ಸಿಗಲಿಲ್ಲ ಸಾರ್" ಎಂದಳು, ಚಿತ್ರವನ್ನು ಮೇಷ್ಟ್ರ ಮುಂದಿಟ್ಟು.

"ಹೊಲಿಯೋವಾಗ ಅವರನ್ನ ಎಲ್ಲಿಂದ ನೋಡ್ತಿದ್ರಿ?"

"ಮಿಷನ್ ಹತ್ರದಿಂದ. ಅವಳ ಹಿಂದೆ ಕೂತು."

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಅಷ್ಟು ವರ್ಷ ಕಣ್ಣೆದುರು ಇದ್ದದ್ದು ಕಿಟಕಿಯತ್ತ ತಿರುಗಿದ ಬೆನ್ನು, ಬಗ್ಗಿದ ಕುತ್ತಿಗೆ, ಬಲಗಿವಿಯ ಅಂಚು. ಮಸುಕಾಗದೆ ಉಳಿದಿದ್ದದ್ದೂ ಅವೇ.

ಈಗ ಟೈಲರಮ್ಮ ಮಧ್ಯಾಹ್ನದವರೆಗೆ ಹೊಲಿಯುತ್ತಾಳೆ. ಎರಡು ಗಂಟೆಯಿಂದ ಬೆಳಕಿರುವ ತನಕ ಆ ಕೋಣೆಯನ್ನೂ ಅಲ್ಲಿ ಬೆನ್ನು ತಿರುಗಿಸಿ ಕೂತ ಹೆಂಗಸನ್ನೂ ಬರೆಯುತ್ತಾಳೆ. ಸದ್ಯ ಐದನೆಯ ಚಿತ್ರ ನಡೆಯುತ್ತಿದೆ.