ಅವ್ವ ಮುಕದ್ದಮಳಾಗಿದ್ದ ಮಳೆಗಾಲ

ನನ್ನದು ಜೋರು ಬಾಯಿ. ಸವಣೂರಿನ ನಮ್ಮ ಓಣಿಯಲ್ಲಿ ಇಂದಿಗೂ ನನ್ನೊಡನೆ ಜಗಳಕ್ಕೆ ನಿಲ್ಲುವ ಗಂಡಸಿಲ್ಲ. ಅಂಥ ನಾನು ಬಾಯಿ ತೆರೆಯಲೇಬೇಕಿದ್ದ ದಿನ ಮೂಗಿಯಾದೆ.

ನವಾಬರಿದ್ದ ಕಾಲ. ಯುದ್ಧದಿಂದಾಗಿ ಸೀಮೆಎಣ್ಣೆ ಸಿಗದ ವರ್ಷ. ಅಪ್ಪ ತೀರಿಹೋಗಿದ್ದ. ಅವ್ವ ಸಾವಕಾರರ ಎಲೆತೋಟದ ಹೊರಗಿನ ಚಪ್ಪರದಲ್ಲಿ ಕುಳಿತು ವೀಳ್ಯದೆಲೆಯ ಕಟ್ಟು ಕಟ್ಟುತ್ತಿದ್ದಳು. ಹೆಂಗಸರಿಗೆ ಆ ಚಪ್ಪರವೇ ಗಡಿ. ಮುಟ್ಟಾದವಳ ಗಾಳಿ ಸೋಕಿದರೂ ಬಳ್ಳಿ ಸಾಯುತ್ತದೆಂದು ಒಳಗೆ ಬಿಡುತ್ತಿರಲಿಲ್ಲ. ಆಳುಗಳ ಮೇಲಿದ್ದ ಮುಕದ್ದಮ ಕುಡಿದು ತೋಟ ಹಾಳುಮಾಡಿದಾಗ ಸಾವಕಾರರು ಅವ್ವನ ಮುಟ್ಟು ನಿಂತಿದೆಯೇ ಎಂದು ತಮ್ಮ ಹೆಂಡತಿಯ ಮೂಲಕ ವಿಚಾರಿಸಿಕೊಂಡು, “ಮುಟ್ಟ ನಿಂತ ಹೆಣ್ಮಗಳು ಗಂಡಸಿದ್ದಂಗ. ತ್ವಾಟ ಇನ್ನ ನೀನ ನೋಡ್ಕೊ” ಎಂದರು.

ಅವ್ವ ಮನೆಗೆ ಬಂದು ನಕ್ಕದ್ದೇ ನಕ್ಕದ್ದು. “ಗಂಡಸ ಆದೆ ನೋಡವಾ! ಮೀಸಿ ಒಂದ ಬಾಕಿ.”

ಗಂಡಾಳುಗಳು ಆಕೆಯ ಮಾತು ಕೇಳುವುದನ್ನು ನೋಡಲೆಂದೇ ನಾನು ದಿನವೂ ಬುತ್ತಿ ಒಯ್ಯುತ್ತಿದ್ದೆ. ಸಣ್ಣ ಹುಡುಗಿಯರಿಗೆ ಒಳಗೆ ಹೋಗಲು ತಡೆಯಿರಲಿಲ್ಲ.

ಆ ಮಳೆಗಾಲ ನಾನು ದೊಡ್ಡವಳಾದೆ. ಹೇಳಿದರೆ ಮದುವೆ ಮಾಡಿ ಕಳಿಸಿಬಿಡುತ್ತಾರೆಂದು ಹೆದರಿ ಬಟ್ಟೆಯನ್ನು ಬಣವೆಯಲ್ಲಿ ಬಚ್ಚಿಟ್ಟೆ. ಎಂದಿನಂತೆ ಬುತ್ತಿ ಹೊತ್ತು ತೋಟದೊಳಗೆ ಹೋದೆ. ಕೆಲವೇ ದಿನಗಳಲ್ಲಿ ಎಲೆಗಳು ಕಪ್ಪಾಗಿ ಉದುರತೊಡಗಿದವು. ನನ್ನಿಂದಲೇ ಹೀಗಾಯಿತು ಎಂದುಕೊಂಡೆ.

ಸಾವಕಾರರು ಎಲ್ಲರನ್ನೂ ಚಪ್ಪರದ ಮುಂದೆ ನಿಲ್ಲಿಸಿದರು.

“ಮೈಲಿಗಿ ಆಗೇತ್ರಿ” ಎಂದ ಒಬ್ಬ ಆಳು. ಇನ್ನೊಬ್ಬ ನನ್ನ ಕಡೆ ಗದ್ದ ಎತ್ತಿದ. “ಈ ಹುಡುಗಿ ದಿನಾ ಒಳಗ ಬರ್ತೈತ್ರಿ.”

ಅವ್ವ ಮುಂದೆ ಬಂದಳು. “ಆಕಿನ್ನ ಯಾಕ ನೋಡ್ತೀರಿ? ಆಕಿ ಇನ್ನಾ ಕೂಸು. ನಂದ ಇನ್ನಾ ನಿಂತಿಲ್ರಿ. ಕೆಲಸದ ಆಸೆಕ್ಕ ಸುಳ್ಳ ಹೇಳಿದ್ದೆ.”

ಯಾರೋ ಥೂ ಎಂದು ಉಗುಳಿದರು. ನಾನು ಅವ್ವನ ಸೆರಗು ಹಿಡಿದು ನೆಲ ನೋಡುತ್ತ ನಿಂತಿದ್ದೆ. ಅಂದೇ ಆಕೆಯನ್ನು ಮರಳಿ ಚಪ್ಪರದಲ್ಲಿ ಎಲೆ ಕಟ್ಟಲು ಕೂಡಿಸಿದರು.

ಮನೆಗೆ ಬಂದ ಅವ್ವ ತನ್ನ ಹಳೆಯ ಸೀರೆ ಹರಿದು ನನ್ನ ಕೈಗೆ ಕೊಟ್ಟಳು. “ಬಣವ್ಯಾಗ ಇಡಬ್ಯಾಡವಾ. ಚೇಳ ಇರ್ತಾವ.” ಹೇಳಿದ್ದು ಇಷ್ಟೇ. ಬೆನ್ನಿಗೆ ಎರಡು ಬಾರಿಸಿದ್ದರೆ ನಾನು ಇಷ್ಟು ವರ್ಷ ಒಳಗೊಳಗೇ ಬೇಯುತ್ತಿರಲಿಲ್ಲ.

ಬಳ್ಳಿ ಕೊಳೆತದ್ದು ಬುಡದಲ್ಲಿ ಮಳೆನೀರು ನಿಂತು. ಮುಂದಿನ ವರ್ಷ ಕಾಲುವೆ ತೋಡಿದರು, ತೋಟ ಚಿಗುರಿತು. ಅವ್ವನನ್ನು ಮಾತ್ರ ಯಾರೂ ಕರೆಯಲಿಲ್ಲ. ಆ ಕೆಲಸ ಕೇಳಿಕೊಂಡು ಬೇರೆ ಹೆಂಗಸರು ಹೋದರೆ ಸಾವಕಾರರದು ಒಂದೇ ಮಾತು. “ಬ್ಯಾಡವಾ, ಒಬ್ಬಾಕಿನ್ನ ನಂಬಿ ಕೆಟ್ಟೇನಿ. ಹೆಂಗಸರು ಸುಳ್ಳ ಹೇಳ್ತಾರ.” ಬರಿಗೈಲಿ ಬಂದ ಆ ಹೆಂಗಸರು ಅವ್ವನಿಗೇ ಹಿಡಿಶಾಪ ಹಾಕುತ್ತಿದ್ದರು.

ಚಪ್ಪರದಲ್ಲಿ ಅವ್ವನ ಪಕ್ಕದಲ್ಲೇ ಎಲೆ ಕಟ್ಟುತ್ತಿದ್ದ ನಾನು ಅದನ್ನೆಲ್ಲ ಕೇಳಿಸಿಕೊಂಡೆ. ಪ್ರತಿ ಸಲವೂ ಬಾಯಿ ಮುಚ್ಚಿಕೊಂಡೆ. ಅವ್ವ ಊರವರ ಪಾಲಿಗೆ ಸುಳ್ಳಿಯಾಗಿಯೇ ಸತ್ತಳು.